ಸುಂಕವಿಲ್ಲದ ಅಂಗಡಿ, ಲೆಕ್ಕ ಬಿಡದ ಊರು

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಹಳೇ ತಾರಸಿ ಮನೆಗಳಿಗೆ ಹೋದರೆ ಚಾವಡಿಯ ಷೋಕೇಸಿನ ಮೇಲೊಮ್ಮೆ ಕಣ್ಣಾಡಿಸಿ. ತಳದಲ್ಲಿ ಗೆರೆಯಷ್ಟು ಉಳಿದ ಬ್ರೂಟ್ ಸೆಂಟಿನ ಹಸಿರು ಬಾಟಲಿ, ಪಕ್ಕದಲ್ಲಿ ಎಂದೋ ನಿಂತುಹೋದ ಸೀಕೋ ವಾಚು. ಕೆಳಗಿನ ಹಲಗೆಯಲ್ಲಿ ಕ್ವಾಲಿಟಿ ಸ್ಟ್ರೀಟ್ ಚಾಕಲೇಟಿನ ಡಬ್ಬ. ತೆರೆದರೆ ಸೂಜಿ, ದಾರ, ಅಂಗಿಯ ಗುಂಡಿ. ನೀಡೋ ಹಾಲಿನಪುಡಿಯ ಡಬ್ಬ ಯಾವತ್ತೋ ಅಡುಗೆಮನೆಗೆ ವರ್ಗವಾಗಿ ಹುಳಿಪುಡಿ ತುಂಬಿಕೊಂಡಿರುತ್ತದೆ. ಇದನ್ನೆಲ್ಲ ಗಲ್ಫಿಗೆ ಹೋದವರ ಶೋಕಿ ಎಂದು ಆಡಿಕೊಂಡವರು ಬಹಳ. ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ಯಾವ ಕಾಲದಲ್ಲಿ ಯಾವ ವಸ್ತು ಈ ಷೋಕೇಸಿಗೆ ಬರಬೇಕು ಎಂದು ತೀರ್ಮಾನಿಸಿದ್ದು ಮನೆಯವರಲ್ಲ, ದಿಲ್ಲಿಯ ಹಣಕಾಸು ಸಚಿವಾಲಯ. ಟೇಪ್‌ರೆಕಾರ್ಡರು, ಟಿವಿ, ಬಂಗಾರ, ಚಾಕಲೇಟು ಎಂಬ ಈ ಸಾಲನ್ನು ಹಿಂದಿನಿಂದ ಓದಿಕೊಂಡು ಹೋದರೆ ಕಸ್ಟಮ್ಸ್ ಸುಂಕ ಏರಿದ್ದು ಇಳಿದದ್ದು ವರ್ಷವಾರು ಸಿಗುತ್ತದೆ.

ಒಂದು ಅಂಕಿ ಸಾಕು. 1991ರ ಬಜೆಟ್ಟಿನಲ್ಲಿ ಮನಮೋಹನ ಸಿಂಗ್ ಆಮದು ಸುಂಕದ ಗರಿಷ್ಠ ದರವನ್ನು ಶೇ 150ಕ್ಕೆ ಇಳಿಸಿದರು. ಹೌದು, ಇಳಿಸಿದ ಮೇಲಿನ ದರವೇ ಅಷ್ಟು. ಅದಕ್ಕಿಂತ ಹಿಂದೆ ಹೊರಗಿನ ಸಾಮಾನು ಕಾನೂನಿನ ದಾರಿಯಲ್ಲಿ ಕುಂದಾಪುರದ ಅಂಗಡಿಗೆ ಬರುವ ಮಾತೇ ಇರಲಿಲ್ಲ. ಬಂದರೆ ಕೊಲ್ಲಿಯಲ್ಲಿ ದುಡಿಯುವವನ ಪೆಟ್ಟಿಗೆಯಲ್ಲಿ ಬರಬೇಕು. ಇಲ್ಲವೇ ಶಿರೂರು ದಾಟಿ ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳಿಗೆ ಹೋಗಬೇಕು. ಬೈಂದೂರಿನವರಿಗೆ ಭಟ್ಕಳ ಕೂಗಳತೆಯ ಊರು. ಮದುವೆಗೆ ಸೆಂಟು, ಕೊಡೆ, ಕನ್ನಡಕ, ನೈಲೆಕ್ಸ್ ಸೀರೆ ಎಂದು ಅಲ್ಲಿಗೆ ಹೋಗಿ ಚೌಕಾಸಿ ಮಾಡಿ ತಂದವರು, ಮನೆಯಲ್ಲಿ ಗಲ್ಫಿನವರು ಯಾರೂ ಇಲ್ಲದಿದ್ದರೂ ‘ಇದು ದುಬಾಯಿಯದ್ದು’ ಎಂದು ಹೇಳಿಕೊಳ್ಳಬಹುದಿತ್ತು.

ಆ ಕಾಲದಲ್ಲಿ ಗಲ್ಫಿನಿಂದ ಬರುವ ನಮ್ಮವರಿಗೆ ವಿಮಾನ ಬಹುಪಾಲು ಮುಂಬೈಗೆ. ಸಹಾರ್ ನಿಲ್ದಾಣದಲ್ಲಿ ಕಸ್ಟಮ್ಸಿನವರ ಎದುರು ಪೆಟ್ಟಿಗೆ ಬಿಚ್ಚಿ, ಮತ್ತೆ ಕಟ್ಟಿ, ಟ್ಯಾಕ್ಸಿ ಹಿಡಿದು, ನಂಟರ ಹೋಟೆಲಿನಲ್ಲೋ ಖೋಲಿಯಲ್ಲೋ ರಾತ್ರಿ ಕಳೆದು, ಮರುದಿನ ಊರಿನ ಬಸ್ಸು ಹತ್ತಿದರೆ ಹೆದ್ದಾರಿಯ ಮೇಲೆ ಒಂದು ಹಗಲು ಒಂದು ರಾತ್ರಿ. ಕೊಂಕಣ ರೈಲು ಪೂರ್ಣವಾಗಿ ಓಡಲು 1998 ಬೇಕಾಯಿತು. ಮಂಗಳೂರಿನ ಬಜ್ಪೆಯಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿದ್ದರೂ ಅಲ್ಲಿಂದ ದುಬೈಗೆ ನೇರ ಹಾರಾಟ ಶುರುವಾದದ್ದು 2006ರ ಅಕ್ಟೋಬರಿನಲ್ಲಿ, ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಿಂದ. ಅಲ್ಲಿಯವರೆಗೆ ಪೆಟ್ಟಿಗೆಗೆ ಸುತ್ತುವ ನೈಲಾನ್ ಹಗ್ಗ ಎಷ್ಟು ಗಟ್ಟಿ ಎಂಬುದು ವಿಮಾನಕ್ಕಿಂತ ಬಸ್ಸಿನ ಮಾಡಿನ ಮೇಲೆ ಪರೀಕ್ಷೆಗೆ ಬೀಳುತ್ತಿತ್ತು.

ಹಾಗೆ ಬಂದ ಸಾಮಾನಿನಲ್ಲಿ ಊರಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಯಾವುದು ಎಂದರೆ ಟೇಪ್‌ರೆಕಾರ್ಡರು ಎನ್ನುತ್ತೇನೆ. ನ್ಯಾಷನಲ್ ಪ್ಯಾನಸಾನಿಕ್, ಸೋನಿ, ಸಾನ್ಯೋ. ರೇಡಿಯೊ ಕೂಡ ಇದ್ದರೆ ‘ಟು ಇನ್ ಒನ್’. ಅದರ ಜತೆ ಖಾಲಿ ಕ್ಯಾಸೆಟ್ಟಿನ ಕಟ್ಟು. ಯಕ್ಷಗಾನದ ಭಾಗವತ ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ ಇನ್ನೂ ಚಿಕ್ಕ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಂಡರು. ಅವರ ಭಾಗವತಿಕೆ ಇಂದಿಗೂ ಕಿವಿಗೆ ಸಿಗುತ್ತಿದ್ದರೆ ಅದಕ್ಕೆ ಒಂದು ದೊಡ್ಡ ಕಾರಣ ರಂಗಸ್ಥಳದೆದುರು ಟೇಪ್‌ರೆಕಾರ್ಡರು ಇಟ್ಟುಕೊಂಡು ಬೆಳಗಿನವರೆಗೆ ಕ್ಯಾಸೆಟ್ಟು ತಿರುಗಿಸಿ ಹಾಕುತ್ತಿದ್ದ ಅಭಿಮಾನಿಗಳು. ಬಡಗುತಿಟ್ಟಿನ ಚರಿತ್ರೆ ಬರೆಯುವವರು ಗಲ್ಫಿನ ಪೆಟ್ಟಿಗೆಗೂ ಒಂದು ಪುಟ ಕೊಡಬೇಕು.

ಇನ್ನು ವಿಮಾನ ನಿಲ್ದಾಣದ ಅಂಗಡಿಯ ವಿಷಯ. ಸುಂಕವಿಲ್ಲದೆ ಮಾರುವ ಯೋಚನೆ ಹುಟ್ಟಿದ್ದು ಐರ್ಲೆಂಡಿನ ಶಾನನ್ ನಿಲ್ದಾಣದಲ್ಲಿ, 1947ರಲ್ಲಿ. ಅಟ್ಲಾಂಟಿಕ್ ಸಾಗರ ದಾಟುವ ಅಂದಿನ ವಿಮಾನಗಳು ಇಂಧನಕ್ಕಾಗಿ ಅಲ್ಲಿ ಇಳಿಯುತ್ತಿದ್ದವು. ನಿಲ್ದಾಣದ ಊಟೋಪಚಾರ ನೋಡಿಕೊಳ್ಳುತ್ತಿದ್ದ ಬ್ರೆಂಡನ್ ಓರೇಗನ್ ಎಂಬಾತನ ತರ್ಕ ಹೀಗೆ: ಪಾಸ್‌ಪೋರ್ಟ್ ತಪಾಸಣೆ ದಾಟಿದವನು ಕಾಗದದ ಮೇಲೆ ಐರ್ಲೆಂಡಿನಲ್ಲಿಲ್ಲ, ಇನ್ನೊಂದು ದೇಶವನ್ನೂ ಸೇರಿಲ್ಲ, ಹಾಗಾದರೆ ಅವನಿಂದ ಸುಂಕ ಕೀಳುವುದು ಯಾವ ಸರ್ಕಾರ? ದುಬೈ ಇದನ್ನು ಶಾನನ್ನಿನವರಿಂದಲೇ ಕಲಿಯಿತು. 1983ರ ಡಿಸೆಂಬರ್ 20ರಂದು ದುಬೈ ಡ್ಯೂಟಿ ಫ್ರೀ ತೆರೆದಾಗ ಅದನ್ನು ಕಟ್ಟಿಕೊಡಲು ಬಂದದ್ದು ಐರಿಷ್ ತಂಡ. ಅವರಲ್ಲಿ ಒಬ್ಬರಾದ ಕಾಮ್ ಮೆಕ್‌ಲಾಕ್ಲಿನ್ ಅಲ್ಲಿಯೇ ಉಳಿದು ನಾಲ್ಕು ದಶಕ ಅದನ್ನು ನಡೆಸಿದರು. ಮೊದಲ ವರ್ಷದ ವ್ಯಾಪಾರ 2 ಕೋಟಿ ಡಾಲರ್. 2024ರಲ್ಲಿ 216 ಕೋಟಿ ಡಾಲರ್.

ಇಷ್ಟು ವ್ಯಾಪಾರದಲ್ಲಿ ನಮ್ಮವರಿಗೆ ಉಳಿತಾಯ ಆಗುವುದೆಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಸುಂಕ ವಿನಾಯಿತಿಯಿಂದ ಲಾಭ ಬರಬೇಕಾದರೆ ಊರೊಳಗೆ ಸುಂಕ ಜೋರಾಗಿರಬೇಕು. ಕೊಲ್ಲಿ ದೇಶಗಳಲ್ಲಿ ಹೆಚ್ಚಿನ ಸಾಮಾನಿಗೆ ಆಮದು ಸುಂಕ ಶೇ 5. ಯುಎಇಯಲ್ಲಿ 2018ರ ಜನವರಿಯಿಂದ ಮೌಲ್ಯವರ್ಧಿತ ತೆರಿಗೆ ಇನ್ನೊಂದು ಶೇ 5. ಚಾಕಲೇಟಿನ ಮೇಲೆ ಇಷ್ಟು ತೆರಿಗೆ ಬಿಟ್ಟುಕೊಟ್ಟರೂ ನಿಲ್ದಾಣದ ಅಂಗಡಿ ತನ್ನ ಲಾಭ ಸೇರಿಸಿ ಅದನ್ನು ನುಂಗಿಹಾಕುತ್ತದೆ. ದುಬೈಯ ದೇರಾದ ಯಾವುದೋ ಸಂದಿಯ ಸೂಪರ್ ಮಾರ್ಕೆಟ್ಟಿನಲ್ಲೋ ಲುಲುವಿನಲ್ಲೋ ರಿಯಾಯಿತಿ ದಿನ ನೋಡಿ ಕೊಂಡರೆ ಅದೇ ಚಾಕಲೇಟು ಸಾಮಾನ್ಯವಾಗಿ ಅಗ್ಗ. ನಿಜವಾದ ಉಳಿತಾಯ ಇರುವುದು ಎರಡರಲ್ಲಿ. ಸಿಗರೇಟಿಗೆ ಅಲ್ಲಿ 2017ರಿಂದ ಶೇ 100 ಅಬಕಾರಿ ತೆರಿಗೆ. ಮದ್ಯಕ್ಕೆ ದುಬೈ ನಗರದ ಶೇ 30 ತೆರಿಗೆ ಇದೆ. 2023ರ ಆರಂಭದಲ್ಲಿ ತೆಗೆದಿದ್ದರು, 2025ರ ಜನವರಿಯಿಂದ ಮತ್ತೆ ಹಾಕಿದರು. ಹಾಗಾಗಿ ಲೆಕ್ಕ ಬಲ್ಲ ಪ್ರಯಾಣಿಕ ಬಾಟಲಿ ಮತ್ತು ಸಿಗರೇಟು ಬಿಟ್ಟು ಬೇರೇನನ್ನೂ ನಿಲ್ದಾಣದಲ್ಲಿ ಮುಟ್ಟಬಾರದು. ಅದಕ್ಕೂ ಈಚೆ ಕಡೆ ಬಜ್ಪೆಯಲ್ಲಿ ಮಿತಿ ಉಂಟು: ಮದ್ಯ 2 ಲೀಟರ್, ಸಿಗರೇಟು 2014ರವರೆಗೆ 200 ಇದ್ದದ್ದು ಆಮೇಲೆ 100. ಇಡೀ ಕಾರ್ಟನ್ ಒಂದರಲ್ಲಿ 200 ಇರುತ್ತದೆ ಎಂಬುದು ಊರಿನಲ್ಲಿ ಕಾಯುವ ಭಾವನಿಗೆ ಗೊತ್ತಿರುವುದಿಲ್ಲ. ಕುವೈತಿನಿಂದಲೋ ಸೌದಿಯಿಂದಲೋ ಬರುವವನ ಹತ್ತಿರ ‘ಒಂದು ಬಾಟ್ಲಿ ಮರಾಯ’ ಎಂದು ಕೇಳುವ ಗೆಳೆಯರೂ ಇದ್ದಾರೆ. ಆ ದೇಶಗಳಲ್ಲಿ ಮದ್ಯವೇ ನಿಷೇಧ. ನಿಲ್ದಾಣದ ಅಂಗಡಿಯಲ್ಲಿ ಎಲ್ಲಿಂದ ಬರಬೇಕು?

ನಮ್ಮ ಕಡೆಯ ದುಡಿಮೆಗಾರನ ಖರೀದಿ ನಡೆಯುವುದು ನಿಲ್ದಾಣದಲ್ಲಿ ಅಲ್ಲವೇ ಅಲ್ಲ. ರಜೆ ಮಂಜೂರಾದ ದಿನದಿಂದ ಅದು ಶುರು. ಕೋಟೇಶ್ವರದ ಕೊಡಿ ಹಬ್ಬಕ್ಕೆ ಬರುವವನು ಮಳೆಗಾಲ ಮುಗಿಯುವ ಹೊತ್ತಿಗೇ ಪೆಟ್ಟಿಗೆ ತೆರೆದಿಟ್ಟಿರುತ್ತಾನೆ. ಬ್ರಹ್ಮಾವರ, ಬಾರ್ಕೂರು, ಕಲ್ಯಾಣಪುರದ ಕ್ರೈಸ್ತರಿಗೆ ಕ್ರಿಸ್ಮಸ್ ಅಥವಾ ಮೊಂತಿ ಹಬ್ಬ. ಗಂಗೊಳ್ಳಿ, ಕಂಡ್ಲೂರು, ಶಿರೂರಿನ ಮುಸ್ಲಿಮರಿಗೆ ಪೆರ್ನಾಲು. ಎಲ್ಲರಿಗೂ ಸಮಾನವಾಗಿ ಮೇ ತಿಂಗಳ ಮದುವೆಗಳು. ಆ ಹೊತ್ತಿಗೇ ಟಿಕೆಟ್ ದರ ಮುಗಿಲಿಗೇರುತ್ತದೆ ಎನ್ನುವುದನ್ನು ಇಲ್ಲಿ ಬರೆದು ಪ್ರಯೋಜನವಿಲ್ಲ, ಎಲ್ಲರಿಗೂ ಗೊತ್ತು. ಕಾರ್ಮಿಕರ ಕ್ಯಾಂಪಿನ ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ. ಸಂಬಳವಾದ ವಾರ ಟ್ಯಾಂಗ್ ಪುಡಿ, ಮುಂದಿನ ತಿಂಗಳು ಸಾಬೂನಿನ ಕಟ್ಟು, ಆಮೇಲೆ ಬಾದಾಮಿ, ಪಿಸ್ತಾ, ಖರ್ಜೂರ. ಹುಲಿಯ ಮುಖವಿರುವ ದಪ್ಪ ಕಂಬಳಿ ಒಂದು ಕಾಲದಲ್ಲಿ ಕಡ್ಡಾಯ. ಕುಂದಾಪುರದ ಸೆಖೆಗೆ ಆ ಕಂಬಳಿ ಹೊದ್ದವರನ್ನು ನಾನು ಕಂಡಿಲ್ಲ. ಅದು ಕಪಾಟಿನಲ್ಲಿ ನುಸಿಗುಳಿಗೆಯ ಜತೆ ಇರುವುದಕ್ಕೇ ಹುಟ್ಟಿದ್ದು.

ಪೆಟ್ಟಿಗೆಗಿಂತ ಮೊದಲು ಪಟ್ಟಿ. ಅಜ್ಜಿಯ ಮೊಣಗಂಟಿಗೆ ಟೈಗರ್ ಬಾಮ್, ಮಾವನಿಗೆ ಆಕ್ಸ್ ಎಣ್ಣೆ, ತಂಗಿಗೆ ಸೆಂಟು, ತಂಗಿಯ ಗಂಡನಿಗೆ ಅದಕ್ಕಿಂತ ಒಂದು ಕೈ ಮೇಲಿನ ಸೆಂಟು. ವೀಸಾ ಮಾಡಿಸಿಕೊಟ್ಟವರ ಮನೆಗೆ ಏನಾದರೂ ಭಾರದ್ದು. ಹೊರಡುವಾಗ ಸಾಲ ಕೊಟ್ಟ ಸೊಸೈಟಿಯ ಮ್ಯಾನೇಜರಿಗೆ ಪೆನ್ನು. ಅಮ್ಮ ಬಿದ್ದಾಗ ಆಸ್ಪತ್ರೆಗೆ ಒಯ್ದ ರಿಕ್ಷಾದವನಿಗೆ ಟೀ ಶರ್ಟು. ಒಬ್ಬ ದುಡಿಮೆಗಾರನ ಈ ಪಟ್ಟಿ ಓದಿದರೆ ಅವನು ಊರಿನಲ್ಲಿ ಇಲ್ಲದ ಎರಡು ವರ್ಷ ಅವನ ಮನೆಯ ಕೆಲಸಗಳನ್ನು ಯಾರು ಯಾರು ನೋಡಿಕೊಂಡರು ಎಂಬುದು ತಿಳಿಯುತ್ತದೆ. ತೋಟಕ್ಕೆ ನೀರು ಬಿಟ್ಟವರು, ಕರೆಂಟ್ ಬಿಲ್ಲು ಕಟ್ಟಿದವರು, ಮಗುವಿಗೆ ಜ್ವರ ಬಂದಾಗ ಬೈಕು ತಂದವರು. ಮನಿ ಆರ್ಡರು, ಬ್ಯಾಂಕ್ ಡ್ರಾಫ್ಟು, ಈಗಿನ ಮೊಬೈಲು ವರ್ಗಾವಣೆ ಇವ್ಯಾವುದರಿಂದಲೂ ತೀರಿಸಲಾಗದ ಬಾಕಿಗಳು ಅವು. ದುಡ್ಡು ಕೊಟ್ಟರೆ ಅವರು ಬೇಸರ ಮಾಡಿಕೊಳ್ಳುತ್ತಾರೆ. ಸಾಬೂನು ಕೊಟ್ಟರೆ ತೆಗೆದುಕೊಳ್ಳುತ್ತಾರೆ.

ಇದರ ಮೇಲೆ ಇತರರ ಕಟ್ಟು. ಊರಿಗೆ ಹೋಗುತ್ತಾನೆ ಎಂದು ಗೊತ್ತಾದೊಡನೆ ಕ್ಯಾಂಪಿನಲ್ಲಿರುವ ನಾವುಂದದವನು, ಹೆಮ್ಮಾಡಿಯವನು, ಕೋಟದವನು ‘ಸಣ್ಣದೊಂದು’ ಎಂದು ಕೊಟ್ಟುಹೋಗುವ ಪೊಟ್ಟಣ ತಕ್ಕಡಿಯಲ್ಲಿ ಇಟ್ಟರೆ ಮೂರು ಕಿಲೋ. ಬೇಡವೆನ್ನಲಾಗದು, ಹೋದ ಸಲ ಇವನ ಪೊಟ್ಟಣ ಅವನು ಒಯ್ದಿದ್ದ. ಬಿಚ್ಚಿ ನೋಡಿಯೇ ತೆಗೆದುಕೊಳ್ಳಬೇಕು ಎಂಬುದು ತಿಳಿದವರ ಮಾತು. ಬಿಚ್ಚಿ ನೋಡಿದರೆ ಸ್ನೇಹ ಕೆಡುತ್ತದೆ, ನೋಡದಿದ್ದರೆ ಜೈಲಿನವರೆಗೂ ಹೋಗಬಹುದು. ನನ್ನ ಮತ ಕೇಳಿದರೆ ಬಿಚ್ಚಿಯೇ ನೋಡಬೇಕು.

ಹೀಗೆ ತುಂಬಿದ ಪೆಟ್ಟಿಗೆಗೆ ಮಿತಿ 30 ಕಿಲೋ, ಕೈಚೀಲಕ್ಕೆ 7 ಕಿಲೋ. ನಿಲ್ದಾಣದ ಕೌಂಟರಿನ ತಕ್ಕಡಿ ಕೆಂಪು ಅಂಕಿಯಲ್ಲಿ 34 ತೋರಿಸಿದಾಗ ಶುರುವಾಗುವ ಕೆಲಸವನ್ನು ಗಲ್ಫಿನಿಂದ ಹೊರಡುವ ಯಾವುದೇ ಅಗ್ಗದ ವಿಮಾನದ ಸರದಿಯಲ್ಲಿ ನೋಡಬಹುದು. ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕುಳಿತು, ಟ್ಯಾಂಗ್ ಡಬ್ಬ ಕೈಚೀಲಕ್ಕೆ, ಕೈಚೀಲದ ಶರ್ಟು ಮೈಮೇಲಿನ ಶರ್ಟಿನ ಮೇಲಕ್ಕೆ, ಕೋಟಿನ ಜೇಬಿಗೆ ಬಾದಾಮಿ. ಶಾಂಪೂ ಬಾಟಲಿಯನ್ನು ಮಾತ್ರ ಕೈಚೀಲಕ್ಕೆ ಹಾಕುವಂತಿಲ್ಲ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾದ ಮೇಲೆ ಬಂದ 100 ಮಿಲಿಲೀಟರಿನ ನಿಯಮ ಬೈಂದೂರಿನ ಹುಡುಗಿಯ ಶಾಂಪೂವನ್ನೂ ಕಸದ ಡಬ್ಬಕ್ಕೆ ಸೇರಿಸುತ್ತದೆ.

ಇಷ್ಟೆಲ್ಲ ಆಗಿ ಒಳಗೆ ಹೋದ ಮೇಲೆ, ಗೇಟಿನತ್ತ ನಡೆಯುವಾಗ ಬರುವ ದೀಪ ಝಗಝಗಿಸುವ ಅಂಗಡಿಯಲ್ಲಿ ಆ ಮನುಷ್ಯ ಕೊಳ್ಳುವುದೇನು? ಬಹುಪಾಲು ಚಾಕಲೇಟು. ಅಗ್ಗವಲ್ಲ ಎಂದು ಅವನಿಗೂ ಗೊತ್ತು. ಆದರೆ ಕಿಸೆಯಲ್ಲಿ ಉಳಿದ ದಿರ್ಹಾಮು ಚಿಲ್ಲರೆ ಊರಿನಲ್ಲಿ ನಡೆಯುವುದಿಲ್ಲ, ಮತ್ತು ಕೌಂಟರಿನ ಗಲಾಟೆಯಲ್ಲಿ ತೆಗೆದುಹಾಕಿದ ಸಾಮಾನಿನ ಜತೆ ಪಟ್ಟಿಯಲ್ಲಿ ನಾಲ್ಕಾರು ಹೆಸರು ಖಾಲಿ ಬಿದ್ದಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಪಟ್ಟಿಯಲ್ಲಿ ಇಲ್ಲದವರೂ ಬರುತ್ತಾರೆ. ಬಂದ ಸಂಜೆಯೇ ಬೇಲಿ ದಾಟಿ ಬರುವ ಆಚೆಮನೆಯ ಮಕ್ಕಳು, ಮರುದಿನ ಬೆಳಿಗ್ಗೆ ಮೀನು ಮಾರಲು ಬರುವ ಹೆಂಗಸು, ಪೋಸ್ಟ್‌ಮ್ಯಾನ್. ಸೆಂಟನ್ನು ಅರ್ಧ ಮಾಡಿ ಕೊಡಲಾಗದು, ಟೀ ಶರ್ಟು ಹರಿದು ಹಂಚಲಾಗದು. ಒಂದು ಕಿಲೋ ಮಿಶ್ರ ಚಾಕಲೇಟಿನ ಚೀಲ ಎಷ್ಟು ಜನ ಬಂದರೆ ಅಷ್ಟು ಪಾಲಾಗುತ್ತದೆ. 1908ರಲ್ಲಿ ಸ್ವಿಸ್ ನಾಡಿನಲ್ಲಿ ಹುಟ್ಟಿದ ತ್ರಿಕೋನದ ಟೊಬ್ಲೆರೋನ್ ಜಗತ್ತಿನ ನಿಲ್ದಾಣಗಳಲ್ಲೆಲ್ಲ ಪೇರಿಸಿಟ್ಟಿರುತ್ತದೆ. ಅದನ್ನೂ ಒಂದೊಂದೇ ಹಲ್ಲು ಮುರಿದು ಹಂಚಬಹುದು. ಈಚಿನ ಎರಡು ಮೂರು ವರ್ಷದಲ್ಲಿ ಪಿಸ್ತಾ, ಕುನಾಫ ತುಂಬಿದ ‘ದುಬೈ ಚಾಕಲೇಟು’ ಬಂದಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿದ ಕಾಲೇಜು ಮಕ್ಕಳು ಹೆಸರು ಹಿಡಿದು ಕೇಳುತ್ತಾರೆ. ಅದರ ಬೆಲೆಗೆ ಮೊದಲಿನ ಚಾಕಲೇಟು ಚೀಲಗಟ್ಟಲೆ ಬರುತ್ತಿತ್ತು, ಹಂಚಲು ಹೋದರೆ ಒಳಗಿನ ಹಸಿರು ಹೂರಣ ಕೈಗೆಲ್ಲ ಮೆತ್ತುತ್ತದೆ.

ಬಂಗಾರದ ಕತೆ ಬೇರೆ. ಚಿನ್ನದ ನಿಯಂತ್ರಣ ಕಾಯಿದೆ 1968ರಲ್ಲಿ ಬಂದು 1990ರಲ್ಲಿ ಹೋಯಿತು. 1992ರಲ್ಲಿ ಸರ್ಕಾರ, ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದು ಬರುವವನು 10 ಗ್ರಾಮಿಗೆ 220 ರೂಪಾಯಿ ಸುಂಕ ಕಟ್ಟಿ 5 ಕಿಲೋವರೆಗೂ ತರಬಹುದು ಎಂದಿತು. 5 ಕಿಲೋ ಎಲ್ಲಿ, ನಮ್ಮ ಮೇಸ್ತ್ರಿ, ಡ್ರೈವರುಗಳೆಲ್ಲಿ! ಅವರಿಗೆ ಬೇಕಾದದ್ದು ತಂಗಿಯ ಮದುವೆಗೆ ಎರಡು ಬಳೆ, ಒಂದು ಸರ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ 2016ರ ಬ್ಯಾಗೇಜ್ ನಿಯಮ ಸುಂಕವಿಲ್ಲದೆ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಆಭರಣ ಎಂದು ಕೊಟ್ಟಿತು. ಕೇಳಲು ಚೆನ್ನಾಗಿದೆ, ಆದರೆ ಅದರ ಜತೆಯಲ್ಲೇ ಗಂಡಸಿಗೆ 50,000, ಹೆಂಗಸಿಗೆ 1 ಲಕ್ಷ ರೂಪಾಯಿಯ ಮಿತಿ ಕಟ್ಟಿತು. 2025ರಲ್ಲಿ 10 ಗ್ರಾಂ ಚಿನ್ನ ಲಕ್ಷ ದಾಟಿದಾಗ ಆ 20 ಗ್ರಾಂ ಎಂಬುದು 5 ಗ್ರಾಮಿಗೂ ಕಡಿಮೆಯಾಗಿ ಹೋಗಿತ್ತು. ಇನ್ನೊಂದು ಕಡೆ, 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದರು. ದೇರಾದ ಗೋಲ್ಡ್ ಸೂಕ್‌ಗೂ ಕುಂದಾಪುರದ ಪೇಟೆಗೂ ಇದ್ದ ದರದ ಅಂತರ ಒಮ್ಮೆಲೇ ಕುಗ್ಗಿತು. ಈಗ ಮಜೂರಿ, ವಿನ್ಯಾಸ, ಅಳತೆ ಎಲ್ಲ ನೋಡಿ ಊರಿನಲ್ಲೇ ಪರಿಚಯದ ಆಚಾರಿಯ ಹತ್ತಿರ ಮಾಡಿಸುವುದೇ ಸರಿ ಎನ್ನುವವರು ಜಾಸ್ತಿ.

ಟಿವಿಯದ್ದೂ ಇಂಥದ್ದೇ ಹಣೆಬರಹ. ಚಪ್ಪಟೆ ಪರದೆಯ ಟಿವಿ ಬಂದ ಹೊಸದರಲ್ಲಿ ಬಜ್ಪೆಯ ಬೆಲ್ಟಿನ ಮೇಲೆ ಸೂಟ್‌ಕೇಸಿಗಿಂತ ಟಿವಿ ಪೆಟ್ಟಿಗೆಗಳೇ ಹೆಚ್ಚು ಸುತ್ತುತ್ತಿದ್ದವು. ‘ಗಾಜು, ಜಾಗ್ರತೆ’ ಎಂಬ ಚೀಟಿ, ಅದರ ಕೆಳಗೆ ದಪ್ಪ ಮಾರ್ಕರಿನಲ್ಲಿ ಹೆಸರು, ಊರು. 2013ರ ಆಗಸ್ಟಿನಲ್ಲಿ ರೂಪಾಯಿ ಕುಸಿಯತೊಡಗಿದಾಗ ವಿದೇಶಿ ವಿನಿಮಯ ಉಳಿಸಲು ಸರ್ಕಾರ ಹುಡುಕಿದ ದಾರಿಗಳಲ್ಲಿ ಇದೂ ಒಂದು: ಆ ತಿಂಗಳ 26ರಿಂದ ಟಿವಿಗೆ ಬ್ಯಾಗೇಜ್ ವಿನಾಯಿತಿ ಇಲ್ಲ, ಶೇ 36.05 ಸುಂಕ ಕಟ್ಟಬೇಕು. ಒಂದು ಅಧಿಸೂಚನೆಗೆ ಬೆಲ್ಟಿನ ಮೇಲಿನ ಟಿವಿಗಳು ಮಾಯವಾದವು. ಸರಿಯಾದ ಕ್ರಮವೇ ಇರಬಹುದು. ಆದರೆ ದೇಶಕ್ಕೆ ದಿರ್ಹಾಮು ಕಳಿಸುತ್ತಿದ್ದವನೇ ಟಿವಿ ತರುತ್ತಿದ್ದವನು ಎಂಬುದನ್ನು ಅಧಿಸೂಚನೆ ಬರೆದವರು ಯೋಚಿಸಿದ ಹಾಗೆ ಕಾಣುವುದಿಲ್ಲ. ಅದೇ ರೂಪಾಯಿ ಕುಸಿತ ಆತನ ಸಂಬಳವನ್ನು ಊರಿನ ಲೆಕ್ಕದಲ್ಲಿ ಹಿಗ್ಗಿಸಿತು ಎನ್ನುವುದೂ ನಿಜ. 1980ರ ಸುಮಾರಿಗೆ ದಿರ್ಹಾಮಿಗೆ ಎರಡು ರೂಪಾಯಿ ಚಿಲ್ಲರೆ, 1991ರ ಅಪಮೌಲ್ಯದ ನಂತರ ಏಳರ ಆಸುಪಾಸು, 2024ರಲ್ಲಿ ಇಪ್ಪತ್ತಮೂರರ ಹತ್ತಿರ. ದಿರ್ಹಾಮು ಡಾಲರಿಗೆ ಕಟ್ಟಿಕೊಂಡು ಕದಲದೆ ನಿಂತಿದೆ, ಜಾರಿದ್ದು ನಮ್ಮದು.

ಪೆಟ್ಟಿಗೆ ಇಲ್ಲದೆ ಗಲ್ಫಿನವರು ಊರಿಗೆ ಬಂದದ್ದು ಎರಡು ಸಲ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತಿಗೆ ನುಗ್ಗಿತು. ಮರುಭೂಮಿಯ ದಾರಿಯಲ್ಲಿ ಜೋರ್ಡನ್ನಿನ ಅಮ್ಮಾನ್ ತಲುಪಿದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ಮಾಡಿ ಮುಂಬೈಗೆ ತಂದಿಳಿಸಿತು. ನಮ್ಮ ಕರಾವಳಿಯವರೂ ಅದರಲ್ಲಿದ್ದರು. ಇರಾಕ್ ಕುವೈತಿ ದಿನಾರನ್ನೇ ರದ್ದು ಮಾಡಿದ್ದರಿಂದ ಕೈಯಲ್ಲಿದ್ದ ನೋಟಿಗೂ ಭರವಸೆ ಇರಲಿಲ್ಲ. ಎರಡನೆಯದು 2020ರ ಕೊರೊನಾ ಕಾಲ. ಮಾರ್ಚಿನಲ್ಲಿ ದುಬೈ ನಿಲ್ದಾಣದ ಅಂಗಡಿ ಮುಚ್ಚಿತು. ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಬಂತು. ಇಳಿದವರು ಮನೆಗೆ ಹೋಗುವ ಮೊದಲು ಕ್ವಾರಂಟೈನಿಗೆ ಹೋದರು. ಗೇಟಿನಲ್ಲಿ ಕಾಯುವ ಸಂಸಾರ ಇರಲಿಲ್ಲ, ‘ನಂಗೆ ಎಂತ ತಂದೆ’ ಎಂದು ಯಾರೂ ಕೇಳಲಿಲ್ಲ. ಕೆಲಸ ಉಳಿದಿದೆಯೋ ಹೋಯಿತೋ ಎಂಬುದೊಂದೇ ಪ್ರಶ್ನೆ.

ಈಗ ಕುಂದಾಪುರದ ಪೇಟೆಯಲ್ಲಿ ಸಿಗದ ಚಾಕಲೇಟು ಇಲ್ಲ. ಟ್ಯಾಂಗು ಕಿರಾಣಿ ಅಂಗಡಿಯಲ್ಲಿ ತೂಗುತ್ತದೆ, ಸೆಂಟು ಆನ್‌ಲೈನಿನಲ್ಲಿ ಮನೆಬಾಗಿಲಿಗೆ ಬರುತ್ತದೆ. ಕೆಲವು ಸಾಮಾನು ದುಬೈಗಿಂತ ಇಲ್ಲೇ ಅಗ್ಗ. ಆದರೂ ಪೆಟ್ಟಿಗೆಯ ತೂಕ 30 ಕಿಲೋದಿಂದ ಕೆಳಗಿಳಿದಿಲ್ಲ. ಬಜ್ಪೆಯಿಂದ ಹೊರಟ ಕಾರು ಹೆಜಮಾಡಿ, ಸಾಸ್ತಾನದ ಟೋಲು ದಾಟಿ ಕುಂದಾಪುರದ ಶಾಸ್ತ್ರಿ ವೃತ್ತಕ್ಕೆ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಒಂದು ಚೀಲ ಬಿಚ್ಚಿಯಾಗಿರುತ್ತದೆ. ಮರುದಿನ ದಾರಿಯಲ್ಲಿ ಸಿಕ್ಕವರದ್ದು ಅದೇ ಜೋಡಿ ಪ್ರಶ್ನೆ: ‘ಹ್ವಾಯ್, ಯಾವಾಗ್ ಬಂದದ್? ಯಾವಾಗ್ ಹೋಪ್ದ್?’ ಮೊದಲನೆಯದಕ್ಕೆ ಉತ್ತರ ಕೊಡುವುದರೊಳಗೆ ಎರಡನೆಯದು ಬಂದಿರುತ್ತದೆ.

ಹೋಪಾಗ ಪೆಟ್ಟಿಗೆ ಮತ್ತೆ ತುಂಬುತ್ತದೆ, ಈ ಸಲ ಅಮ್ಮನ ಪಟ್ಟಿಯಂತೆ. ಕುಚ್ಚಲಕ್ಕಿ, ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ, ಒಣ ಸೆಟ್ಲಿ (ಸಿಗಡಿ), ಕೋಳಿಸಾರಿನ ಮಸಾಲೆ ಪುಡಿ. ಇಲ್ಲಿಯೂ ಕಾನೂನು ಬಿಡುವುದಿಲ್ಲ. ಒಣಕೊಬ್ಬರಿ ವಿಮಾನಯಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಂತೆ. ವೀಳ್ಯದೆಲೆಯನ್ನು ಯುಎಇ ಒಳಗೆ ಬಿಡುವುದಿಲ್ಲ. ಗಸಗಸೆಯಂತೂ ಅಲ್ಲಿ ಮಾದಕ ವಸ್ತುವಿನ ಲೆಕ್ಕ, ಸಿಕ್ಕಿಬಿದ್ದರೆ ಜೈಲು. ಪಾಯಸಕ್ಕೆಂದು ಅಮ್ಮ ಕಟ್ಟಿದ ಗಸಗಸೆಯ ಪೊಟ್ಟಣವನ್ನು ಹುಡುಕಿ ತೆಗೆಯುವುದು ಈಗ ಹೆಂಡತಿಯ ಕೆಲಸ. ಮನೆಮನೆಯಲ್ಲೂ ಕೈತಕ್ಕಡಿ ಇದೆ. ಮೂವತ್ತಕ್ಕೆ ಮುಟ್ಟಿದೊಡನೆ ಅದು ಕೂಗುತ್ತದೆ, ಅಮ್ಮ ಮಾತ್ರ ಇನ್ನೊಂದು ಹಪ್ಪಳದ ಕಟ್ಟು ಹಿಡಿದುಕೊಂಡು ಬಾಗಿಲಲ್ಲಿ ವಾದ ಮಾಡುತ್ತಿರುತ್ತಾಳೆ.